ಕೆಂಡ ಇಟ್ಟವರು ಯಾರು

ಜನವರಿಯ ಕೊರೆಯುವ ಚಳಿಯಲ್ಲೂ ಮೌಸಿಯ ಬಲಗಿವಿ ಮಫ್ಲರಿನ ಹೊರಗೇ ಇರುತ್ತಿತ್ತು. ತಲೆ, ಗದ್ದ, ಎಡಗಿವಿ ಎಲ್ಲವನ್ನೂ ಕಂದು ಬಣ್ಣದ ಉಣ್ಣೆಯಲ್ಲಿ ಬಿಗಿದು ಸುತ್ತಿ, ಬಲಗಿವಿಯನ್ನು ಮಾತ್ರ ಬೆರಳು ಹಾಕಿ ಹೊರಗೆಳೆಯುತ್ತಿದ್ದರು. ಜೋತುಬಿದ್ದ ಹಾಲೆ, ಓಲೆಯ ಭಾರಕ್ಕೆ ಉದ್ದಕ್ಕೆ ಸೀಳಿದ ತೂತು, ಚಳಿಗೆ ಕೆಂಪಾದ ತುದಿ. "ಕಿವಿ ಮುಚ್ಕೊಳ್ರಿ ಮೌಸಿ, ಗಾಳಿ ಹೊಕ್ಕೀತು" ಎಂದರೆ, "ಇದೂ ಮುಚ್ಚಿದ್ರೆ ಮನೆ ಕಾಯೋರು ಯಾರೇ?" ಅನ್ನುತ್ತಿದ್ದರು. ಮನೆ ಕಾಯುವುದು ಅಂದರೆ ಬಾಡಿಗೆಯವರ ಉಸಾಬರಿ ಮಾಡುವುದು ಎಂದೇ ಆಗ ನಾನು ತಿಳಿದಿದ್ದೆ.

ನಮ್ಮದು ವಿಜಯಪುರದ ಕಡೆ. ನಮ್ಮನೆಯವರಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ಬನಾರಸಿಗೆ ವರ್ಗವಾದಾಗ ಕ್ವಾರ್ಟರ್ಸ್ ಖಾಲಿ ಇರಲಿಲ್ಲ. ಬಂಗಾಲಿ ಟೋಲಾದ ಓಣಿಯಲ್ಲಿ ಕನ್ನಡ ಮಾತಾಡುವ ಮುದುಕಿಯೊಬ್ಬರ ಮನೆ ಬಾಡಿಗೆಗೆ ಇದೆ ಎಂದು ಯಾರೋ ಹೇಳಿದರು. ಮೌಸಿಯ ಗಂಡ ಕೇದಾರ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸುತ್ತಿದ್ದ ಪುರೋಹಿತರಂತೆ. ಅವರು ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೌಸಿ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಕಾಶಿಯಲ್ಲೇ. ಕರ್ನಾಟಕವನ್ನು ಕಣ್ಣಿಂದ ಕಂಡವರಲ್ಲ. ಅವರ ಕನ್ನಡ ಅರ್ಧ ಅವರ ಅಜ್ಜಿಯ ಕಾಲದ್ದು, ಅರ್ಧ ಹಿಂದಿ. ಓಣಿಯವರೆಲ್ಲ ಮೌಸಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಮನೆ ಹಳೆಯ ಬನಾರಸಿ ಮನೆ. ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಚೌಕ, ಒಂದೊಂದು ಅಂತಸ್ತಿನಲ್ಲೂ ಅದರ ಮೇಲೆ ಕಬ್ಬಿಣದ ಜಾಲರಿ. ಮೌಸಿ ತಳದಲ್ಲಿ, ನಾವು ತುದಿಯಲ್ಲಿ, ನಡುವಿನ ಅಂತಸ್ತಿಗೆ ಬೀಗ. ಮೌಸಿಗೆ ಮಂಡಿನೋವು, ಮೆಟ್ಟಿಲು ಹತ್ತುತ್ತಿರಲಿಲ್ಲ. ಚೌಕದಲ್ಲಿ ನಿಂತು ಮುಖ ಮೇಲೆತ್ತಿ ಕೂಗುತ್ತಿದ್ದರು: "ಮೇಲಿನವಳೇ, ಜಿಂದಾ ಇದ್ದೀಯೇನೇ?" ಬದುಕಿದ್ದೀಯಾ ಎಂಬ ಆ ಪ್ರಶ್ನೆಗೆ ನಾನು ಜಾಲರಿಗೆ ಬಂದು "ಇದ್ದೀನಿ" ಎನ್ನುವವರೆಗೆ ಬಿಡುತ್ತಿರಲಿಲ್ಲ. ಒಲೆಯ ಮೇಲೆ ಹಾಲಿದ್ದರೂ ಸರಿ, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೂ ಸರಿ. ನನಗೆ ಮೈ ಉರಿಯುತ್ತಿತ್ತು.

ಹೆರಿಗೆಗೆ ತವರಿಗೆ ಹೋಗಬೇಕೆಂದು ಟಿಕೆಟ್ ಮಾಡಿಸಿದ್ದೆವು. ಆದರೆ ಮಗಳು ಅವಸರ ಮಾಡಿ, ದಿನ ತುಂಬುವ ಮೊದಲೇ ಡಿಸೆಂಬರಿನಲ್ಲಿ ಬನಾರಸಿನಲ್ಲೇ ಹುಟ್ಟಿದಳು. ಎತ್ತಿಕೊಳ್ಳಲು ಹೆದರಿಕೆಯಾಗುವಷ್ಟು ಸಣ್ಣವಳು. ಡಾಕ್ಟರು ನಮ್ಮನೆಯವರನ್ನು ಪಕ್ಕಕ್ಕೆ ಕರೆದು, ಮಗುವನ್ನು ಬೆಚ್ಚಗಿಡಬೇಕು, ಈ ಸ್ಥಿತಿಯಲ್ಲಿ ನ್ಯುಮೋನಿಯಾ ಆದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಹೇಳಿದರು. ನಮ್ಮ ಕೋಣೆಯೋ, ಕಲ್ಲು ಚಪ್ಪಡಿಯ ಮಾಳಿಗೆ. ಹಗಲೆಲ್ಲ ಮಂಜು ಮುಸುಕಿ ಸೂರ್ಯನೇ ಕಾಣದ ದಿನಗಳಲ್ಲಿ ಗೋಡೆ ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಹೀಟರ್ ಹಚ್ಚಿದರೆ ಕಾವೆಲ್ಲ ಗೋಡೆ ಕುಡಿದುಬಿಡುತ್ತಿತ್ತು.

ನಮ್ಮನೆಯವರು ಊರೊಳಗಿನ ಲಂಕಾ ಪೇಟೆಗೆ ಹೋಗಿ ಥರ್ಮೋಕೋಲಿನ ದಪ್ಪ ಹಲಗೆ, ಪ್ಲೈವುಡ್, ಫೋಮಿನ ಪಟ್ಟಿ ತಂದರು. ಬಡಗಿಯನ್ನು ಕೂರಿಸಿಕೊಂಡು ನಾಲ್ಕೂ ಗೋಡೆಗೆ ರೀಪು ಹೊಡೆಸಿ, ಥರ್ಮೋಕೋಲು ಕೂರಿಸಿ, ಮೇಲೆ ಪ್ಲೈವುಡ್ ಮುಚ್ಚಿಸಿದರು. ಮಾಳಿಗೆಯ ಕೆಳಗೂ ಹಾಗೆಯೇ. ಬಾಗಿಲು ಕಿಟಕಿಗಳ ಸಂದಿಗೆ ಫೋಮು ಅಂಟಿಸಿ, ಮೇಲಿನ ಗವಾಕ್ಷಿಯನ್ನೂ ತುಂಬಿಸಿದರು. ಕೆಲಸ ನಡೆದಷ್ಟು ಹೊತ್ತೂ ಮೌಸಿ ಕೆಳಗಿನಿಂದ ಕೂಗುತ್ತಲೇ ಇದ್ದರು. ಮೊಳೆ ಹೊಡೆದರೆ ಸುಣ್ಣದ ಗೋಡೆ ಉದುರುತ್ತದೆ, ಹಲಗೆಯ ಹಿಂದೆ ಇಲಿ ಸಂಸಾರ ಹೂಡುತ್ತದೆ, ಗೋಡೆ ಬೆವರಿ ಬೂಷ್ಟು ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದನ್ನು ಅವರೂ ಹೇಳಿರಲಿಲ್ಲ. ಮುಗಿದ ಮೇಲೆ ಮಾತ್ರ, "ಈಗ ಬಿಟಿಯಾ ಅತ್ತರೆ ನನಗೆ ಸುನಾಯಿಸೋದೇ ಇಲ್ಲ" ಎಂದು ಗೊಣಗಿದರು.

"ನಿಮಗ್ಯಾಕ್ರಿ ಕೇಳಬೇಕು?" ಎಂದೆ.

"ನನ್ನ ಮನೆಯಲ್ಲಿ ಕೂಸು ಅಳೋದು ನನಗೆ ಕೇಳಬೇಡವೇನೇ?"

ಅಂದಿನಿಂದ ಕೂಗು ಹೆಚ್ಚಾಯಿತು. ಬೆಳಿಗ್ಗೆ ಒಂದು ಸಲ ಕೂಗುತ್ತಿದ್ದವರು ಹೊತ್ತುಹೊತ್ತಿಗೆ ಶುರುಮಾಡಿದರು. ಬಾಣಂತನಕ್ಕೆಂದು ಬಂದಿದ್ದ ನನ್ನ ಅವ್ವನಿಗೆ ಇದು ಸಹಿಸದು. "ಹಸಿ ಬಾಣಂತಿಗೆ ಜಿಂದಾ ಇದ್ದೀಯೇನು ಅಂತ ಕೇಳೂದು ಎಲ್ಲಿ ರೀತಿ? ಆಕಿ ನಾಲಿಗಿಗೆ ಎಲುಬಿಲ್ಲೇನು?" ಎಂದು ದೃಷ್ಟಿ ತೆಗೆದು ಹಾಕುತ್ತಿದ್ದಳು. ಓಣಿಯ ತುದಿಯಲ್ಲಿ ಹರಿಶ್ಚಂದ್ರ ಘಾಟಿನ ಸುಡುಗಾಡಿಗೆ ಹೆಣ ಒಯ್ಯುವವರ ಘೋಷ ಬೇರೆ. ಅವ್ವನಿಗೆ ಈ ಊರೇ ಅಪಶಕುನ.

ನಮ್ಮ ಕಡೆ ಬಾಣಂತಿಗೆ ಕಾಸುವ ಪದ್ಧತಿ. ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆದು, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಡುತ್ತಾರೆ. ನನ್ನ ಅವ್ವ ಹೀಗೇ ಕಾಸಿಕೊಂಡವಳು, ಅವಳ ಅವ್ವನೂ. ನಮ್ಮನೆಯವರು ಮೊದಲೇ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಹೇಳಿದ್ದರು: "ಅತ್ತಿಯವರ, ಆ ಖೋಲ್ಯಾಗ ಬೆಂಕಿ ಒಳಗ ತರಬ್ಯಾಡ್ರಿ. ಹೀಟರ್ ಅದ, ಸಾಕು." ಥರ್ಮೋಕೋಲಿಗೆ ಕಿಡಿ ಹತ್ತೀತೆಂಬ ಹೆದರಿಕೆ ಅವರದು. ಅವ್ವ ಮುಖ ಊದಿಸಿಕೊಂಡು ಸುಮ್ಮನಾಗಿದ್ದಳು.

ಆ ದಿನ ಬೆಳಗಿನಿಂದ ಕರೆಂಟ್ ಇರಲಿಲ್ಲ. ಮಧ್ಯಾಹ್ನವಾದರೂ ಮಂಜು ಸರಿಯಲಿಲ್ಲ. ಎರೆದ ಮೇಲೆ ಮಗುವಿನ ಕೈಕಾಲಿನ ಉಗುರುಗಳು ನೀಲಿಯಾದ ಹಾಗೆ ಅವ್ವನಿಗೆ ಕಂಡಿತು. ಇಸ್ತ್ರಿಯವನ ಹತ್ತಿರ ಕೇಳಿ ತಂದಿಟ್ಟುಕೊಂಡಿದ್ದ ಇದ್ದಿಲನ್ನು ಹೊರಗೆ ಮಾಳಿಗೆಯ ಮೇಲೆ ಕಬ್ಬಿಣದ ಬುಟ್ಟಿಯಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲೆ ಒಳಗೆ ತಂದು ಹೊರಸಿನ ಕೆಳಗಿಟ್ಟಳು. ಮಂಗಗಳ ಕಾಟಕ್ಕೆ ಒಳಚಿಲಕ ಹಾಕಿದಳು. "ಹೊಗಿ ಇಲ್ಲ, ಏನಿಲ್ಲ. ನಿನ್ನ ಗಂಡ ಬರೂದ್ರಾಗ ತೆಗೀತೀನಿ" ಎಂದಳು. ಬೆನ್ನಿಗೆ ತಾಕಿದ ಆ ಕಾವು ಎಷ್ಟು ಸುಖವಾಗಿತ್ತೆಂದರೆ ನಾನೂ ಬೇಡವೆನ್ನಲಿಲ್ಲ. ಊರಿನ ಹೆಂಚಿನ ಮನೆಯಲ್ಲಿ ನೂರು ಸಂದಿ. ಕೆಂಡದಿಂದೇಳುವ ವಿಷಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಇಲ್ಲಿ ಒಂದು ಸಂದಿಯನ್ನೂ ನಾವು ಉಳಿಸಿರಲಿಲ್ಲ.

ತಲೆ ನೋಯುತ್ತಿದೆ ಎನ್ನಿಸಿದ್ದು ನೆನಪಿದೆ. ಅವ್ವ ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಗು ಹಾಲಿಗೆ ಏಳುವ ಹೊತ್ತಾಗಿತ್ತು, ಎದ್ದಿರಲಿಲ್ಲ. ಎಬ್ಬಿಸಬೇಕು ಎಂದುಕೊಂಡೆ, ಕೈ ಏಳಲಿಲ್ಲ. ಎಲ್ಲೋ ದೂರದಲ್ಲಿ, ಬಾವಿಯ ತಳದಿಂದ ಎಂಬಂತೆ, "ಮೇಲಿನವಳೇ" ಎಂದು ಕೇಳಿತು. ಇದ್ದೀನಿ ಅನ್ನಬೇಕು ಎಂದುಕೊಂಡೆ. ನಾಲಿಗೆ ಹೊರಳಲಿಲ್ಲ. ಹೆದರಿಕೆ ಕೂಡ ಆಗಲಿಲ್ಲ. ಈಗ ನೆನೆಸಿಕೊಂಡರೆ ಹೆದರಿಕೆಯಾಗುವುದು ಅದಕ್ಕೇ.

ಮುಂದಿನದನ್ನು ಓಣಿಯವರು ಹೇಳಿ ತಿಳಿದದ್ದು. ಮೌಸಿ ಚಟ್ನಿ ಅರೆಯುತ್ತಿದ್ದವರು ಎದ್ದು ಕೂಗಿದರಂತೆ, ಮತ್ತೆ ಕೂಗಿದರಂತೆ. ಉತ್ತರ ಬರದಿದ್ದಾಗ ಕೈಯಲ್ಲಿದ್ದ ಗುಂಡುಕಲ್ಲನ್ನು ಕೆಳಗಿಡಲೂ ಮರೆತು, ಆ ಮಂಡಿಯಲ್ಲಿ ಅಷ್ಟೂ ಮೆಟ್ಟಿಲು ಹತ್ತಿದರು. ಬಾಗಿಲು ಬಡಿದರು. ಆಮೇಲೆ ಅದೇ ಕಲ್ಲಿನಿಂದ ಬಾಗಿಲ ಪಕ್ಕದ ಕಿಟಕಿಯ ಗಾಜು ಒಡೆದು, ಕೈ ತೂರಿಸಿ ಚಿಲಕ ತೆಗೆದರು. ಗಾಜು ಮುಂಗೈಯನ್ನು ಉದ್ದಕ್ಕೆ ಸೀಳಿತ್ತು. ಮೊದಲು ಎತ್ತಿದ್ದು ಮಗುವನ್ನು. ಯಾವ ಚಳಿ ತಾಕಬಾರದೆಂದು ನಾವು ಗೋಡೆಗೆ ಗೋಡೆ ಕಟ್ಟಿಸಿದ್ದೆವೋ ಅದೇ ಚಳಿಗೆ, ಬರಿ ಮಂಜಿಗೆ, ಮಗುವನ್ನು ಹೊರಗೆ ತಂದು ಅಂಗಾಲಿಗೆ ಹೊಡೆದರು. ಅಳಲಿಲ್ಲ. ಮತ್ತೆ ಹೊಡೆದರು. ತೆಳ್ಳಗೆ ಬೆಕ್ಕಿನ ಮರಿಯ ಹಾಗೆ ಕುಂಯ್ಗುಟ್ಟಿತಂತೆ. ಆಗ ಮೌಸಿ ಓಣಿಗೆ ಕೇಳುವಂತೆ ಕಿರುಚಿದರು. ಪಕ್ಕದ ಲಾಡ್ಜಿನ ಹುಡುಗರು ಓಡಿಬಂದು ನನ್ನನ್ನೂ ಅವ್ವನನ್ನೂ ಎಳೆದು ಹೊರಗೆ ಹಾಕಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಖವಾಡ ಹಾಕಿಕೊಂಡು ಮಲಗಿದ್ದೆ. ಮಗುವನ್ನು ಒಳಗೆ ಒಯ್ದಿದ್ದರು, ಏನೂ ಹೇಳಿರಲಿಲ್ಲ. ಎಚ್ಚರಾಗಿದ್ದ ಅವ್ವ ತೆರೆದ ಬಾಗಿಲ ಹೊರಗೆ ನೆಲದ ಮೇಲೆ ಕುಸಿದು ಕುಳಿತಿದ್ದಳು. ನಮ್ಮನೆಯವರು ಹೆಲ್ಮೆಟ್ ಕೂಡ ತೆಗೆಯದೆ ಓಡಿಬಂದರು. ಡಾಕ್ಟರ ಹತ್ತಿರ ಮಾತಾಡಿ ಹೊರಬಂದವರ ಮುಖ ಬೆಳ್ಳಗಾಗಿತ್ತು.

"ಬೆಂಕಿ ತರಬ್ಯಾಡ್ರಿ ಅಂತ ಹೇಳಿದ್ದೆ. ಯಾರು ಕೆಂಡ ಇಟ್ಟವ್ರು?"

ಅವ್ವ ನೆಲಕ್ಕೆ ಕೈಯೂರಿ ಏಳಲು ಹೋದಳು. ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಯ ಪಕ್ಕದ ಬೆಂಚಿನಿಂದ ಮೌಸಿಯ ದನಿ ಬಂತು.

"ನಾನು. ಬಿಜಲಿ ಇರಲಿಲ್ಲ, ಕೂಸಿಗೆ ಠಂಡಿ ಆಗುತ್ತೆ ಅಂತ ಈ ಮಂಡಿಯಲ್ಲೇ ಹತ್ತಿ ಬಂದು ನಾನೇ ತಂದಿಟ್ಟೆ. ನಿಮ್ಮ ಅತ್ತೆ ಬೇಡ ಬೇಡ ಅಂದರು. ನಾನೆಲ್ಲಿ ಕೇಳೋಳು?"

ನಮ್ಮನೆಯವರು ಜನರೆದುರಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಕ್ಕಳಿಲ್ಲದವರಿಗೆ ಮಗುವಿನ ಬೆಲೆ ಏನು ಗೊತ್ತು ಎನ್ನುವವರೆಗೂ ಹೋಯಿತು. ಮುಖವಾಡದ ಒಳಗೆ ನಾನು ಕೂಗುತ್ತಿದ್ದೆ, ಹೊರಗೆ ಕೇಳಿಸಲಿಲ್ಲ. ದಿನಬೆಳಗಾದರೆ ಈರುಳ್ಳಿ ಸಿಪ್ಪೆಗೂ ಜಗಳ ತೆಗೆಯುವ ಮೌಸಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎದ್ದು ಒಬ್ಬರೇ ರಿಕ್ಷಾ ಹಿಡಿದು ಮನೆಗೆ ಹೋದರು.

ಮಗು ಉಳಿಯಿತು. ಮನೆಗೆ ಬಂದ ದಿನ, ನಮ್ಮನೆಯವರು ಹೊರಗೆ ಹೋದ ಸಮಯ ನೋಡಿ ಕೆಳಗಿಳಿದು ಹೋದೆ. "ಯಾಕ್ರಿ ಹಂಗ ಹೇಳಿದ್ರಿ?" ಎಂದು ಕೈ ಹಿಡಿದು ಅತ್ತೆ.

"ಅರೇ, ಅಳಬೇಡ, ಹಾಲು ಬತ್ತುತ್ತೆ" ಎಂದು ಗದರಿದರು. ಆಮೇಲೆ ಹೇಳಿದರು: "ನಿನ್ನ ಗಂಡ ಕೆಟ್ಟವನಲ್ಲ. ಆದರೆ ಅವನ ಮನಸ್ಸಲ್ಲಿ ಒಂದು ಸಲ ಕೂತದ್ದು ಏಳೋದಿಲ್ಲ. ಬೇಡ ಅಂದಮೇಲೂ ಇಟ್ಟಳು ಅಂತ ಗೊತ್ತಾದರೆ ನಿಮ್ಮವ್ವನ ಕೈಗೆ ಆ ಕೂಸನ್ನ ಮತ್ತೆ ಕೊಡ್ತಿದ್ನೇನೇ? ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ. ನನಗೆ ಬಾಡಿಗೆಗೆ ಬೇರೆ ಕಿರಾಯೇದಾರ ಬರ್ತಾನೆ. ನಿನಗೆ ಬೇರೆ ಅವ್ವ ಬರ್ತಾಳಾ?" ನಂತರ ಬೆರಳೆತ್ತಿ, "ಬಾಯಿ ಬಿಟ್ಟೆಯೋ, ಈ ಮನೆ ಹೊಸ್ತಿಲು ತುಳೀಬೇಡ" ಎಂದರು.

ನಮ್ಮನೆಯವರು ಮನೆ ಬಿಡಿಸಿದರು. ಕ್ವಾರ್ಟರ್ಸ್ ಸಿಕ್ಕಿತು. ಮೌಸಿಯ ಹೆಸರೆತ್ತುವ ಹಾಗಿರಲಿಲ್ಲ. ದಾರಿಯಲ್ಲಿ ಮೌಸಿ ಎದುರಾದರೂ ಇವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವ್ವ ಮಾತ್ರ ನಮ್ಮ ಜೊತೆಗೇ ಉಳಿದಳು. ಮಗುವಿಗೆ ಎರೆದಳು, ತಟ್ಟಿ ಮಲಗಿಸಿದಳು, ಅನ್ನ ಕಲಸಿ ತಿನ್ನಿಸಿದಳು, ಮಾತು ಕಲಿಸಿದಳು. ಮಗು ಅಜ್ಜಿಯನ್ನು ನಮ್ಮ ಕಡೆಯವರ ಹಾಗೆ "ಆಯಿ" ಎಂದೇ ಕರೆಯಿತು. ಅಳಿಯನೇ "ಅತ್ತಿಯವರ, ನೀವು ಇರೂದಕ್ಕ ನಾನು ನಿಶ್ಚಿಂತಿ" ಎನ್ನುವಾಗ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಸೋಮವಾರ ಬಂತೆಂದರೆ ಕೇದಾರೇಶ್ವರನ ದರ್ಶನದ ನೆವದಲ್ಲಿ ಮಗುವನ್ನು ಎತ್ತಿಕೊಂಡು ಮೌಸಿಯ ಮನೆಗೆ ಹೋಗಿ ಕೂರುತ್ತಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತ, ಮಗುವನ್ನು ಆಡಿಸುತ್ತ ಕೂರುವರು. ಆ ದಿನದ ಸುದ್ದಿಯನ್ನು ಇಬ್ಬರಲ್ಲೊಬ್ಬರೂ ಎತ್ತಿದ್ದನ್ನು ನಾನು ಕೇಳಲಿಲ್ಲ.

ಮಗಳು ಶಾಲೆಗೆ ಸೇರಿದ ಮೇಲೆ ಅವ್ವ ಊರಿಗೆ ಹೋದಳು, ಅಲ್ಲೇ ತೀರಿಕೊಂಡಳು. ತಿಥಿ ಮುಗಿಸಿ ಬಂದವಳು ಮೌಸಿಯ ಹತ್ತಿರ ಹೋಗಿ, ಇನ್ನಾದರೂ ನಮ್ಮನೆಯವರಿಗೆ ನಿಜ ಹೇಳುತ್ತೇನೆ ಎಂದೆ. "ಸತ್ತವಳ ಮೇಲೆ ಹೊರಿಸಿ ನನ್ನನ್ನ ದೊಡ್ಡವಳು ಮಾಡ್ತೀಯಾ? ಛೀ!" ಎಂದು ಬೈದು ಕಳಿಸಿದರು.

ಈ ಚಳಿಗಾಲದಲ್ಲಿ ಮೌಸಿ ಹೋದರು. ಬೆಳಿಗ್ಗೆ ಅವರ ಮೈದುನನ ಮಗ ಫೋನ್ ಮಾಡಿದ. ನಮ್ಮನೆಯವರು ಕಚೇರಿಗೆ ಹೊರಟು ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಸುದ್ದಿ ಕೇಳಿ, "ಪಾಪ. ಆವತ್ತಿಂದೊಂದು ಬಿಟ್ರ ಛಲೋ ಹೆಣ್ಣಮಗಳು" ಎಂದರು.

ನನಗೆ ತಡೆಯಲಾಗಲಿಲ್ಲ. ಮೌಸಿ ಬೈದರೆ ಬೈಯಲಿ, ಹೊಸ್ತಿಲು ತುಳಿಯಬೇಡ ಎನ್ನಲು ಇನ್ನು ಅವರಿಲ್ಲವಲ್ಲ. ಇಸ್ತ್ರಿಯವನ ಇದ್ದಿಲಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಒಂದು ಕಾಲಿಗೆ ಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದವರು ಹಾಗೇ ಕುಳಿತರು. ಅವ್ವನ ಮೇಲೆ ಸಿಟ್ಟಾಗುತ್ತಾರೆಂದು ಕಾದೆ, ಆಗಲಿಲ್ಲ. "ಆಸ್ಪತ್ರಿಯಾಗ ಎಷ್ಟ್ ಮಂದಿ ಇದ್ರು. ಅವ್ರೆಲ್ಲಾರ ಮುಂದ ಅಂದ್ನಲ್ಲ" ಎಂದರು. ಎದ್ದು ಬರಿಗಾಲಲ್ಲೇ ಹೊರಟರು.

ಚಟ್ಟಕ್ಕೆ ಹೆಗಲು ಕೊಟ್ಟು, ಮನೆಯಿಂದ ಹರಿಶ್ಚಂದ್ರ ಘಾಟಿನವರೆಗೂ ಬದಲಿಸದೆ ಹೊತ್ತರಂತೆ. ಲಾಡ್ಜಿನವರು ಕೇಳಿದರೂ ಬಿಟ್ಟುಕೊಡಲಿಲ್ಲವಂತೆ. ನಾನೂ ಮಗಳೂ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ಗಂಗೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಬಂದು ಮಗಳ ಪಕ್ಕದ ಮೆಟ್ಟಿಲ ಮೇಲೆ ಕುಳಿತರು. ನಮ್ಮ ಕಡೆಯಿಂದ ವರ್ಗವಾಗಿ ಬಂದವರ ಮಕ್ಕಳೆಲ್ಲ ಇಲ್ಲಿ ಹಿಂದಿಯಲ್ಲೇ ಮಾತಾಡುತ್ತಾರೆ. ನನ್ನ ಮಗಳು ಮಾತ್ರ ಅವ್ವನ ಬಾಯಿಂದ ಬಂದ ಹಾಗೆ ವಿಜಯಪುರದ ಕನ್ನಡ ಆಡುತ್ತಾಳೆ.

"ಅಪ್ಪಾ, ಯಾಕ್ ಅಳಾಕತ್ತಿ? ಮೌಸಿ ನಮಗೇನಾಗಬೇಕಿತ್ತು?"

ಅವರು ಅವಳ ಬಾಯನ್ನೇ ನೋಡುತ್ತ ಕುಳಿತರು. ಆ ಮಾತನ್ನು ಕಲಿಸಿದವಳು ಯಾರು, ಕಲಿಸಲು ಅವಳನ್ನು ಉಳಿಸಿಕೊಟ್ಟವರು ಯಾರು ಎಂದು ಅವರಿಗೆ ಈಗ ಗೊತ್ತಿತ್ತು.

"ಆಯಿ ಆಗಬೇಕವಾ" ಎಂದರು. "ನಿನಗ ಇಬ್ರು ಆಯಿ ಇದ್ರು."