‘ಮ’ದ ಮೇಲೆ ಆರಿದ ಚುಕ್ಕೆ

ಕಾಕಾ ಟಾರ್ಚಿನ ಸೆಲ್ಲುಗಳನ್ನು ಎಡಗೈಯಲ್ಲಿ ತೂಗಿ ನೋಡಿದರೆಂದೇ ನನ್ನ ನೆನಪು, ಆದರೆ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕೊಣ್ಣೂರಿನಲ್ಲಿ ನಮ್ಮ ಬಾಜೂ ಮನೆಯ ಕಾಕಾ ಬೆಲ್ಲದ ವ್ಯಾಪಾರಿ. ಬೆಲ್ಲದ ಅಚ್ಚನ್ನು ಅಂಗೈ ಮೇಲೆ ತೂಗಿ, “ಕೈ ಸುಳ್ಳ ಹೇಳಂಗಿಲ್ರಿ” ಎನ್ನುತ್ತಿದ್ದರು. ಲಕ್ವಾ ಹೊಡೆದು ಮಾತು, ಬಲಗೈ ಎರಡೂ ಹೋದ ಮೇಲೆ, ಗೋಡೆಯ ವರ್ಣಮಾಲೆಯ ಮೇಲೆ ಲೇಸರ್ ಟಾರ್ಚಿನ ಕೆಂಪು ಚುಕ್ಕೆ ಓಡಿಸಿಯೇ ಮಾತಾಡುತ್ತಿದ್ದರು.

ಒಂದು ಸಂಜೆ ಚುಕ್ಕೆ ‘ಮ’ದ ಮೇಲೆ ನಿಂತು ಆರಿತು. ಸೆಲ್ ಮುಗಿದಿತ್ತು.

ಮರುದಿನ ನಾನು ಗೋಕಾಕದಿಂದ ಚಾರ್ಜ್ ಮಾಡುವ ಲಿಥಿಯಂ ಸೆಲ್‌ಗಳನ್ನು ತಂದೆ. ಒಂದರ ಮೇಲೆ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ದೊಡ್ಡ ಅಂಕಿ ಅಚ್ಚಾಗಿತ್ತು, ಇನ್ನೊಂದು ಸಾದಾ. ಬೇಡವಾದದ್ದನ್ನು ಅಂಗಡಿಗೆ ವಾಪಸು ಕೊಡಬಹುದಿತ್ತು. ಕಾಕಾ ಎರಡನ್ನೂ ತೂಗಿ, ದೊಡ್ಡ ಅಂಕಿಯದನ್ನು ನನ್ನ ಕಡೆ ತಳ್ಳಿದರು. ಅದು ಹಗುರವಾಗಿತ್ತು; ಮೇಲಿನ ಅಂಕಿ ಸುಳ್ಳು.

ಸಾದಾ ಸೆಲ್ ಚಾರ್ಜಾದ ಮೇಲೆ ಕಾಕಿ ಕೇಳಿದರು: “ನಿನ್ನಿ ‘ಮ’ ಅಂದ್ರಿ. ಮಗಳನ್ನ ಕರಸ್ಲೇನ್ರಿ? ಮಮದಾಪುರದ ಹೊಲದ ಮಾತೇನ್ರಿ?”

ಚುಕ್ಕೆ ಗೋಡೆಯ ಮೇಲೆ ‘ಮ’ವನ್ನು ದಾಟಿತು. ಆಮೇಲೆ ‘ಚ’ಕ್ಕೆ ಹೋಯಿತು, ಅಲ್ಲಿಂದ ‘ಹ’ಕ್ಕೆ.

“ಚಾ ಏನ್ರಿ? ಇಷ್ಟಕ್ಕ ಇವನ್ನ ಗೋಕಾಕಕ್ಕ ಓಡ್ಸಿದ್ರಿ” ಎಂದು ಕಾಕಿ ನಕ್ಕು ಒಳಗೆ ಹೋದರು.

ಆ ಸೆಲ್ ಅವರಿರುವ ತನಕ ನಡೆಯಿತು. ನಿಂತುಹೋದ ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ‘ಮ’ದ ಮುಂದಿನ ಅಕ್ಷರ ಯಾವುದಿತ್ತೋ ನನಗೆ ಗೊತ್ತಿಲ್ಲ.