ನಮ್ಮನೆ ಹಿತ್ತಲ ಸೇಬು

ನಮ್ಮ ಸಾಗರದಲ್ಲಿ ಸೇಬು ಎಂದರೆ ರೋಗಿಯ ಹಣ್ಣು. ಗಟ್ಟಿಮುಟ್ಟಾಗಿರುವವನಿಗೆ ಯಾರೂ ಸೇಬು ತಂದುಕೊಡುವುದಿಲ್ಲ. ನಾನು ಟೈಫಾಯಿಡ್ ಬಂದು ಹಾಸಿಗೆ ಹಿಡಿದಾಗಲೇ ಹೆಂಡತಿಯ ತಮ್ಮ ಶ್ರೀಪತಿ ಹೊಸನಗರದಿಂದ ಒಂದು ಚೀಲ ಸೇಬು ಹೊತ್ತು ತಂದ. ತಿಂದು ತಿಂದು ಬೇಸರ ಬಂದು, ಮಾಡಲು ಬೇರೆ ಕೆಲಸವಿಲ್ಲದೆ, ಬೀಜಗಳನ್ನು ಕೂಡಿಡತೊಡಗಿದೆ. ನಿವೃತ್ತ ಗಣಿತದ ಮೇಷ್ಟ್ರ ತಲೆಗೆ ಹುಳ ಹೊಗುವುದು ಹೀಗೆಯೇ.

ಸೇಬಿನ ಬೀಜ ಮೊಳೆಯಬೇಕಾದರೆ ಮೊದಲು ಅದು ಒಂದು ಚಳಿಗಾಲ ಕಳೆಯಬೇಕಂತೆ. ನಮ್ಮೂರಿನ ಚಳಿ ಸ್ವೆಟರಿಗೆ ಸಾಕು, ಸೇಬಿಗೆ ಸಾಲದು. ಹಾಗಾಗಿ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿಟ್ಟೆ. ವಾರದೊಳಗೆ ಹೆಂಡತಿ ಸರಳಾ ಪತ್ತೆಹಚ್ಚಿದಳು.

"ಎಂತದ್ರೀ ಇದು, ಒದ್ದೆ ಬಟ್ಟೆ?"

"ಕಾಶ್ಮೀರ," ಎಂದೆ.

"ನಿಮ್ಮ ಕಾಶ್ಮೀರಾನ ಮೊಸರಿನ ಪಾತ್ರೆ ಹಿಂದೆ ಇಟ್ಕೊಳಿ. ದೋಸೆ ಹಿಟ್ಟಿಗೆ ಜಾಗ ಇಲ್ಲ."

ಎರಡು ತಿಂಗಳ ಬಳಿಕ ಏಳು ಬೀಜ ಮೊಳೆತವು. ಕುಂಡಕ್ಕೆ ಹಾಕಿದ ಮೇಲೆ ಆರನ್ನು ಬಸವನಹುಳುಗಳು ಮುಗಿಸಿದವು. ಉಳಿದೊಂದನ್ನು ಹಿತ್ತಲಲ್ಲಿ ನೆಟ್ಟು, ದಿನಾ ಸ್ಕೇಲು ಹಿಡಿದು ಅಳೆದೆ. ನರ್ಸರಿ ನಡೆಸುವ ಶ್ರೀಪತಿ ನೋಡಿ ನಕ್ಕ.

"ಬೀಜದ ಸೇಬು ತಾಯಿ ಥರಾನೇ ಆಗ್ತದೆ ಅಂತ ಗ್ಯಾರಂಟಿ ಇಲ್ಲ ಭಾವ. ಕಿತ್ತು ಬಿಸಾಕಿ, ಒಳ್ಳೆ ಕಸಿ ಗಿಡ ಕೊಡ್ತೀನಿ."

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಅಪ್ಪನನ್ನು ನೋಡಿ ಮಗನಿಗೆ ಅಂಕ ಕೊಟ್ಟವನಲ್ಲ. ಗಿಡ ಉಳಿಯಿತು.

ಏಳನೆಯ ವರ್ಷ ಹೂ ಬಿಟ್ಟಿತು. ಮೂರೇ ಕಾಯಿ ನಿಂತವು. ಸೊಳ್ಳೆಪರದೆ ಕಟ್ಟಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದೆ. ಕೊಯ್ಯುವ ದಿನ ಸಾಕ್ಷಿಗೆಂದು ಶ್ರೀಪತಿಯನ್ನು ಕರೆಸಿದೆ. ಪರದೆ ಬಿಚ್ಚಿ ಅವನಿಗೆ ಮರದ ಚರಿತ್ರೆ ಹೇಳುತ್ತಿದ್ದಾಗಲೇ ಮಾಡಿನಿಂದ ಮಂಗವೊಂದು ಹಾರಿ, ಎಲ್ಲಕ್ಕಿಂತ ದೊಡ್ಡ ಹಣ್ಣನ್ನೇ ಕಿತ್ತುಕೊಂಡಿತು. ಮಂಗ ಒಮ್ಮೆ ಕಚ್ಚಿತು. ಮುಖ ಕಿವುಚಿತು. ಹಣ್ಣನ್ನು ನೋಡಿತು, ನನ್ನನ್ನು ನೋಡಿತು, ಆಮೇಲೆ ಅದನ್ನು ನನ್ನ ಕಡೆಗೇ ಎಸೆದು ಹೋಯಿತು. ಒಣಹಾಕಿದ ಹಪ್ಪಳವನ್ನೂ ಬಿಡದ ಜಾತಿ ಅದು!

ಶ್ರೀಪತಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನೊಂದು ಹಣ್ಣು ಕೊಯ್ದು, ಒಂದು ಹೋಳು ಬಾಯಿಗಿಟ್ಟು, "ಇದು ಸೇಬಲ್ಲ ಭಾವ, ಹುಣಸೆ," ಎಂದ. ನಾನೂ ತಿಂದೆ. ಹಲ್ಲು ಚುಳ್ಳೆಂದಿತು. ಏಳು ವರ್ಷ ನೀರು ಹೊಯ್ದವನು, ಹೋಳನ್ನು ಪೂರ್ತಿ ನುಂಗಿದೆ.

"ಹುಳಿ ಇದ್ರೆ ಎಂತ ಆಯ್ತು? ಇಲ್ಲಿ ತನ್ನಿ," ಎಂದು ಸರಳಾ ಉಳಿದದ್ದನ್ನೆಲ್ಲ ಒಳಗೆ ಒಯ್ದಳು.

ಮಧ್ಯಾಹ್ನ ಊಟಕ್ಕೆ ಬೆಲ್ಲ, ಸೂಜಿಮೆಣಸು ಹಾಕಿದ ಗೊಜ್ಜು ಬಂತು. ಶ್ರೀಪತಿ ಎರಡು ಸಲ ಹಾಕಿಸಿಕೊಂಡ. ಮೂರನೆಯ ಸಲ ತಟ್ಟೆ ಮುಂದೆ ತಳ್ಳಿ, "ಇನ್ನೊಂಚೂರು ಹಾಕಕ್ಕಾ, ಆ ಹುಣಸೆ ಗೊಜ್ಜು," ಎಂದ.

ಸರಳಾ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು. "ಎಂತ ಗೊಜ್ಜು?"

ಶ್ರೀಪತಿ ನನ್ನನ್ನು ನೋಡಿದ, ಸೌಟನ್ನು ನೋಡಿದ. "ಸೇಬಿನ ಗೊಜ್ಜು," ಎಂದ.

ಆ ಮಾತು ಹೇಳಿಸಲು ನಾನು ಏಳು ವರ್ಷ ಮರ ಬೆಳೆಸಿದೆ. ಅವಳಿಗೆ ಒಂದು ಸೌಟು ಸಾಕಾಯಿತು.