ಮೋಟಾರು ಶಾಲೆಗೆ ಹೋದ ಅರ್ಜಿ

ನಾನು ಹಾಸಿಗೆ ಹಿಡಿದು ಎರಡು ವರ್ಷವಾಯಿತಂತೆ. ಈ ಸುದ್ದಿ ನನಗೆ ತಿಳಿದದ್ದು ಮೊನ್ನೆ, ಒಲೆಯ ಮುಂದೆ ಕೂತು ನಾಲ್ಕನೆಯ ರೊಟ್ಟಿ ಬಡಿಯುತ್ತಿದ್ದಾಗ. ಕಿರಿಯ ಮಗನ ಮಗಳು ಇಲ್ಲಿಯ ದವಾಖಾನೆಯಲ್ಲಿ ನರ್ಸುಗಳ ಕೈಕೆಳಗೆ ಕೆಲಸಕ್ಕಿದ್ದಾಳೆ, ಈಗ ಜರ್ಮನಿಯಲ್ಲಿ ನರ್ಸ್ ಕೆಲಸ ಕಲಿಯಲು ಅರ್ಜಿ ಹಾಕುತ್ತಿದ್ದಾಳೆ. ಈ ಕೆಲಸ ಯಾಕೆ ಬೇಕು ಅಂತ ಒಂದು ಪುಟ ಬರೆಯಬೇಕಂತೆ. ಬರೆದದ್ದನ್ನು ಫೋನಿನಲ್ಲಿ ಗೆಳತಿಗೆ ಓದಿ ಹೇಳುತ್ತಿದ್ದಳು. ಹಾಸಿಗೆ ಹಿಡಿದ ಅಜ್ಜಿಯ ಸೇವೆ ಮಾಡುತ್ತ ಮಾಡುತ್ತ ಅವಳಿಗೆ ನರ್ಸ್ ಆಗುವ ಮನಸ್ಸಾಯಿತಂತೆ. ಸೇವೆಯಂತೆ. ತಾನು ಉಂಡ ತಾಟು ತೊಳೆಯದ ಹುಡುಗಿ.

ನೀವು ನಗಬೇಡಿ. ನಮ್ಮ ಮನೆತನದಲ್ಲಿ ಪರದೇಶಕ್ಕೆ ಅರ್ಜಿ ಹಾಕುವುದು ಹೊಸದಲ್ಲ. ಅರ್ಜಿಗಾಗಿ ಗಟ್ಟಿಮುಟ್ಟಾದವರನ್ನು ರೋಗಿ ಮಾಡುವುದೂ ಹೊಸದಲ್ಲ.

ನಿಜಾಮನ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು. ನನ್ನನ್ನು ಮಸ್ಕಿಯಿಂದ ಲಿಂಗಸುಗೂರಿಗೆ ಕೊಟ್ಟಿದ್ದರು. ನನ್ನ ಗಂಡ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದರು. ಉರ್ದುವಿನಲ್ಲಿ ತಮ್ಮನ್ನು ಮೀರಿಸುವವರಿಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಉರ್ದುವಿನ ಕಾಲ ಮುಗಿಯಿತು ಅನ್ನಿಸುತ್ತಲೇ ಇಂಗ್ಲಿಷ್ ಅರ್ಜಿಗಳ ಒಂದು ಪುಸ್ತಕ ತಂದು, ಆರು ತಿಂಗಳಲ್ಲಿ ಅದಕ್ಕೂ ಪಂಡಿತರಾದರು. ನಾನು ಮೂರನೆಯ ತರಗತಿಯ ತನಕ ಓದಿದವಳು, ಆದರೂ ಅವರ ಕಸುಬಿನ ಗುಟ್ಟು ನನಗೆ ಗೊತ್ತಿತ್ತು. ಮೂರು ಪಾಲು ಕಷ್ಟ, ಕೊನೆಗೆ ಒಂದು ಸಾಲು ಬೇಡಿಕೆ. ಅರ್ಜಿ ಕೊಡುವವನಿಗೆ ದಮ್ಮಿನ ಬೇನೆ ಇರಲೇಬೇಕು, ಮಕ್ಕಳು ಉಪವಾಸ ಇರಲೇಬೇಕು. ಬಂದೂಕಿನ ಪರವಾನಿಗೆ ಕೇಳಲು ಬಂದ ಗೌಡನಿಗೂ ದಮ್ಮು ಹಚ್ಚಿ ಕಳಿಸಿದ್ದರು. ಸಾಹೇಬರ ಕಣ್ಣಲ್ಲಿ ನೀರು ಬರದೆ ಕಾಗದ ಮುಂದೆ ಸರಿಯುವುದಿಲ್ಲ ಅನ್ನುವುದು ಅವರ ವೇದ.

ನನ್ನ ಅಣ್ಣ ಶರಣಪ್ಪ ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಬರುವ ಮೋಟಾರಿನ ಮಿಸ್ತ್ರಿ. ನಡುದಾರಿಯಲ್ಲಿ ಅದು ನಿಂತರೆ ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರವಿ, ಜನ ಬುತ್ತಿ ಉಂಡು ಕೈ ತೊಳೆಯುವಷ್ಟರಲ್ಲಿ ಕೂಡಿಸುತ್ತಿದ್ದ. ಒಮ್ಮೆ ಜವಳಗೇರಾದ ಹತ್ತಿರ ಕಾಲುವೆ ಅಗೆಯುವ ಯಂತ್ರ ಕೆಟ್ಟು ನಿಂತಾಗ ಅದನ್ನೂ ಅವನೇ ಎಬ್ಬಿಸಿದ. ಅಲ್ಲಿಯ ಓವರ್ಸಿಯರು ಮೆಚ್ಚಿ ಇಂಗ್ಲೆಂಡಿನ ಒಂದು ಮೋಟಾರು ಶಾಲೆಯ ವಿಳಾಸ ಕೊಟ್ಟ. ಮೂರು ವರ್ಷದ ಕಲಿಕೆ, ಪರದೇಶದವರಿಗೂ ಜಾಗವಿದೆ, ನಿನಗೆ ಏನೇನು ಕೆಲಸ ಬರುತ್ತದೆ ಅಂತ ಬರೆದು ಕಳಿಸು ಅಂದ. ಮದುವೆಯ ಮಾತೆತ್ತಿದರೂ ಎಂಜಿನ್ನಿನ ಕಡೆ ನೋಡುವ ನಮ್ಮಣ್ಣ ಅಂದು ಓಡಿಬಂದು ಆ ಚೀಟಿಯನ್ನು ನಮ್ಮವರ ಕೈಯಲ್ಲಿಟ್ಟ. ಅವನು ಏನನ್ನಾದರೂ ಅಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ.

"ಮಾವಾರ, ಇದನ್ನ ನೀವಾ ಬರೀಬೇಕ್ರಿ."

"ಬರಿಯೋದೇನ್ ಬಂತು ಶರಣಪ್ಪ. ನೀ ಹೋದಂಗ ಅಂತ ತಿಳಕೋ."

ಎರಡು ದಿನ ಬರೆದರು. ಬರೆದು ನನಗೆ ಕನ್ನಡದಲ್ಲಿ ಅರ್ಥ ಹೇಳಿದರು. ಅಣ್ಣನಿಗೆ ಎದೆಬೇನೆ ಬಂದಿತ್ತು. ಬಲಗೈ ಸೋತಿತ್ತು. ಸಣ್ಣಂದಿನಲ್ಲೇ ಅಪ್ಪ ತೀರಿಕೊಂಡಿದ್ದ. ಅಪ್ಪ ಆ ಹೊತ್ತಿನಲ್ಲಿ ಮಸ್ಕಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದಿರಬೇಕು. ಕೇಳುತ್ತ ಕೇಳುತ್ತ ನಾನು ಅತ್ತೆ. ಎಲ್ಲ ಸುಳ್ಳೆಂದು ಗೊತ್ತಿದ್ದೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಅವ್ವನ್ನ ಬಿಟ್ಟೀರಲ್ರೀ," ಅಂದೆ. "ಅವ್ವಗ ಕಣ್ಣಿಲ್ಲ ಅಂತ ಹಾಕ್ರಿ. ಇವನ ಕೈ ಹಿಡಕೊಂಡಾ ತಿರಗ್ಯಾಡ್ತಾಳ ಅಂತ."

"ಶಾಣ್ಯಾಕಿ ಇದ್ದಿ ಬಿಡು," ಅಂದು ಹಾಕಿದರು. ಸಜ್ಜೆಯೊಳಗಿನ ಹರಳನ್ನು ದೀಪವಿಲ್ಲದೆ ಆರಿಸುತ್ತಿದ್ದ ನಮ್ಮವ್ವ ಒಂದೇ ಸಾಲಿನಲ್ಲಿ ಕುರುಡಿಯಾದಳು.

ಮೋಟಾರು ಲಿಂಗಸುಗೂರಿನಲ್ಲಿ ನಿಂತಾಗ ಅಣ್ಣ ಮಡ್ಗಾರ್ಡಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದ. "ಎಲ್ಲಾ ಬರದೀರೇನ್ರಿ?" ಅಂತ ಕೇಳಿದ. "ಎಲ್ಲಾ ಬರದೀನಿ," ಅಂದರು ನಮ್ಮವರು. ಸಹಿಯ ಪಕ್ಕದಲ್ಲಿ ಅವನ ಎಣ್ಣೆಬೆರಳು ಮೂಡಿತು. ಇಡೀ ಅರ್ಜಿಯಲ್ಲಿ ಅವನ ಕೆಲಸದ ಗುರುತು ಅಂತ ಇದ್ದದ್ದು ಅದೊಂದೇ.

ಐದು ತಿಂಗಳಿಗೆ ಉತ್ತರ ಬಂತು. ಓವರ್ಸಿಯರಿಂದ ಓದಿಸಿಕೊಂಡು ಅಣ್ಣ ಸೀದಾ ನಮ್ಮ ಮನೆಗೆ ಬಂದ. ನೀರು ಕೊಟ್ಟರೆ ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು ಪತ್ರದಲ್ಲಿದ್ದದ್ದನ್ನು ಹೇಳಿದ. ಬಹಳ ಮರ್ಯಾದೆಯ ಪತ್ರ. ನಿಮ್ಮ ಎದೆಬೇನೆ ಬೇಗ ವಾಸಿಯಾಗಲಿ. ಕೈ ಸೋತವರೂ ಕಲಿಯಬಹುದಾದ ಹಗುರ ಕೆಲಸ ನಮ್ಮಲ್ಲಿದೆ, ಅದನ್ನು ಕೊಡೋಣವೆಂದು ಮಾತಾಡಿಕೊಂಡಿದ್ದೆವು. ಆದರೆ ಕಣ್ಣಿಲ್ಲದ ತಾಯಿಯ ಕೈ ಬಿಡಿಸಿ ಮಗನನ್ನು ಮೂರು ವರ್ಷ ಇಲ್ಲಿ ಇಟ್ಟುಕೊಳ್ಳಲು ನಮಗೆ ಮನಸ್ಸು ಬರಲಿಲ್ಲ.

"ನಾ ಎಂಜಿನ್ ಬಿಚ್ಚಿ ಕೂಡಸ್ತೀನಿ ಅಂತ ಬರದಿದ್ರೇನ್ರಿ, ಮಾವಾರ?"

"ಅದಕ್ಕ ಜಾಗಾ ಉಳೀಲಿಲ್ಲೋ."

"ಅವ್ವನ ಕಣ್ಣು ಯಾರು ತಗದ್ರು?"

ನಮ್ಮವರು ನನ್ನ ಕಡೆ ನೋಡಲಿಲ್ಲ. "ನಾನಾ ತಗದೆ," ಅಂದರು. ಅದು ಅವರಲ್ಲಿದ್ದ ಒಂದು ಒಳ್ಳೆಯ ಗುಣ. ಇನ್ನೊಂದನ್ನು ಹುಡುಕುತ್ತ ನಲವತ್ತು ವರ್ಷ ಬಾಳ್ವೆ ಮಾಡಿದೆ.

ಮರುವರ್ಷ ಹಾಕೋಣವೆಂದರೆ ಶಾಲೆಯವರು ಹೇಳಿದ ವಯಸ್ಸು ದಾಟಿತ್ತು. ಅಣ್ಣ ಅದೇ ಮೋಟಾರಿನ ಕೆಳಗೆ ಮಲಗಿ ಮುದುಕನಾದ. ನಮ್ಮವರೊಂದಿಗೆ ಮಾತು ಬಿಟ್ಟ, ನನ್ನೊಂದಿಗೆ ಬಿಡಲಿಲ್ಲ. ಹಬ್ಬಕ್ಕೆ ಕರೆದರೆ ಬಂದು ನನ್ನ ಕೈಯ ಹೋಳಿಗೆ ಉಂಡು ಹೋಗುತ್ತಿದ್ದ. ಅವನು ಸಾಯುವ ತನಕ ನಾನು ಬಾಯಿ ಬಿಡಲಿಲ್ಲ. ಇದ್ದದ್ದನ್ನು ಇದ್ದಂಗೆ ಮುಖಕ್ಕೆ ಹೇಳುವವಳು ಅಂತ ಓಣಿಯಲ್ಲಿ ಹೆಸರು ಬೇರೆ ನನಗೆ.

ಮೊನ್ನೆ ಹಂಚು ಕೆಳಗಿಳಿಸಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಆ ಸಾಲು ನನ್ನದು ಅಂತ ಹೇಳಿದ್ದು ಅವಳಿಗೇ ಮೊದಲು.

"ಖರೇ ಯಾರೂ ಬರಿಯಂಗಿಲ್ಲಜ್ಜಿ," ಅಂದಳು. "ಎಲ್ಲಾರೂ ಹಿಂಗಾ ಬರ್ಯಾಕತ್ತಾರ."

"ಅಜ್ಜಿ ಮಲಗ್ಯಾಳಂದ್ರ ಅವರು ಯಾಕ ಕರಸ್ತಾರಬೇ? ಮೊದಲ ನಿಮ್ಮಜ್ಜೀನ ನೋಡ್ಕೋ ಹೋಗು ಅಂತಾರ."

ಬರೆದದ್ದನ್ನು ಅಳಿಸಿದಳು. ನಿನಗೆ ಏನು ಬರುತ್ತದೆ ಅಂತ ಕೇಳಿದೆ. ತಪ್ಪು ಒಪ್ಪಿಕೊಂಡವಳಂತೆ ತಲೆ ತಗ್ಗಿಸಿ ಹೇಳಿದಳು: ದವಾಖಾನೆಯಲ್ಲಿ ಎಳೆಕೂಸಿನ ನರ ಯಾರಿಗೂ ಸಿಗದಿದ್ದರೆ ಅವಳನ್ನೇ ಕರೆಯುತ್ತಾರಂತೆ, ಒಂದೇ ಸಲಕ್ಕೆ ಸೂಜಿ ಹಾಕುತ್ತಾಳಂತೆ.

"ಅದನ್ನ ಬರಿ," ಅಂದೆ.

ಬರೆದಳು. ಎರಡೇ ಸಾಲಾಯಿತು. ಪುಟವೆಲ್ಲ ಖಾಲಿ ಕಾಣುತ್ತದೆ ಅಂತ ಅಳುಮೋರೆ ಮಾಡಿದಳು.

"ಕಂಡ್ರ ಕಾಣ್ಲಿ ಬಿಡು," ಅಂದೆ.